ಸೂರು ಹತ್ತಿದ ಜೌನಿ

ಸೆಮರ್‌ಟೋಲಿಯಲ್ಲಿ ಹೆಂಗಸರು ಎರಡು ಕೆಲಸ ಮಾಡಬಾರದು. ನೇಗಿಲು ಹಿಡಿಯಬಾರದು, ಸೂರಿನ ಮೇಲೆ ಹತ್ತಬಾರದು. ಉಳಿದದ್ದೆಲ್ಲ ಧಾರಾಳವಾಗಿ ಮಾಡಬಹುದು. ನಾಟಿ ಮಾಡಬಹುದು, ಕಳೆ ಕೀಳಬಹುದು, ಕಾಡಿನಿಂದ ಸೌದೆ ಹೊರಬಹುದು, ಅಕ್ಕಿ ಹುಳಿಸಿ ಹಂಡಿಯಾ ಮಾಡಿ ಗಂಡಸರ ಮುಂದೆ ದೊನ್ನೆಯಲ್ಲಿ ಇಡಬಹುದು. ಮನೆ ಕಟ್ಟುವಾಗ ಮಣ್ಣು ತುಳಿದು, ಇಟ್ಟಿಗೆ ಹೊತ್ತು, ನೀರು ಸೇದಿ ಸುಸ್ತಾಗಬಹುದು. ಸೂರಿನ ಮೇಲೆ ಕಾಲಿಟ್ಟರೆ ಮಾತ್ರ ಮಳೆ ಮುನಿಸಿಕೊಳ್ಳುತ್ತದೆ, ಸುತ್ತಲ ಊರುಗಳ ಗದ್ದೆಯೆಲ್ಲ ಒಣಗುತ್ತದೆ. ಹೆಂಗಸಿನ ಹೆಜ್ಜೆಗೆ ಇಷ್ಟೊಂದು ತೂಕವಿದೆ ಎಂದು ನಮ್ಮ ಹಿರಿಯರು ಬೇರೆ ಯಾವ ವಿಷಯದಲ್ಲೂ ಒಪ್ಪಿಕೊಂಡದ್ದನ್ನು ಯಾರೂ ಕೇಳಿಲ್ಲ.

ಜೌನಿ ಟಿಗ್ಗಾ ಈ ಊರಿನ ಕೊನೆಯ ಮನೆಯ ಮಗಳು. ಗಂಡುಮಕ್ಕಳಿಲ್ಲದ ಅಪ್ಪ ಅವಳನ್ನು ಹೊರಗೆ ಕೊಡದೆ, ಬಂಧನ್ ಎಂಬುವನನ್ನು ಮನೆಯಳಿಯನಾಗಿ ತಂದುಕೊಂಡ. ಊರವರು ಪಂಚಾಯ್ತಿಗೂ ಕುಣಿತಕ್ಕೂ ಸೇರುವ ಅಖ್‌ಡಾ ಬಯಲಿನಲ್ಲಿ ಬಂಧನ್ ಮಾಂದರ್ ಮದ್ದಳೆ ಬಾರಿಸಲು ಕೂತರೆ ಕುಣಿಯುವವರ ಕಾಲು ನಿಲ್ಲುತ್ತಿರಲಿಲ್ಲ. ಮಾತು ಮಾತ್ರ ಕಡಿಮೆ. "ಅಳಿಯದೇವ್ರು ಬಂದ್ರು, ಚಾಪೆ ಹಾಸ್ರಪ್ಪ" ಎಂದು ಊರ ಗಂಡಸರು ರೇಗಿಸಿದರೆ ಎಲ್ಲರಿಗಿಂತ ಮೊದಲು ಅವನೇ ನಗುತ್ತಿದ್ದ. ಆ ನಗು ಕಂಡರೆ ಜೌನಿಗೆ ಮೈಯೆಲ್ಲ ಉರಿಯುತ್ತಿತ್ತು.

ಮದುವೆಗೆ ಮೊದಲೂ ಆಮೇಲೂ ಅವಳು ಬೇಸಿಗೆಯಲ್ಲಿ ಗುಮ್ಲಾ ಪಟ್ಟಣಕ್ಕೆ ಹೋಗಿ ಕಟ್ಟಡದ ಕೆಲಸ ಮಾಡುತ್ತಿದ್ದಳು. ಇಟ್ಟಿಗೆ, ಗಾರೆ ಹೊರುವ ಹೆಣ್ಣಾಳಿಗೆ ನಮ್ಮ ಕಡೆ ರೇಜಾ ಎನ್ನುತ್ತಾರೆ. ಮೇಸ್ತ್ರಿ ತಿರುಗಿ ಮುಖವನ್ನೂ ನೋಡುವುದಿಲ್ಲ. "ರೇಜಾ, ಗಾರೆ" ಎಂದು ಕೈ ಚಾಚುತ್ತಾನೆ. ಎಷ್ಟೋ ಬೇಸಿಗೆ ಹೀಗೆ ಹೊತ್ತವಳು, ಒಂದು ಇಟ್ಟಿಗೆಯನ್ನು ಇನ್ನೊಂದರ ಮೇಲೆ ತನ್ನ ಕೈಯಿಂದ ಇಟ್ಟವಳಲ್ಲ. ಮೇಸ್ತ್ರಿ ಊಟಕ್ಕೆ ಎದ್ದಾಗ ಅವನ ಕರಣೆಯನ್ನು ಒಮ್ಮೆ ಕೈಗೆತ್ತಿಕೊಂಡಿದ್ದಳಂತೆ. ಬಂದವನೇ ಅದನ್ನು ಕಿತ್ತುಕೊಂಡು, ಅವಳ ಎದುರಿಗೇ ನೀರಿನಲ್ಲಿ ತೊಳೆದ. ಆ ತೊಳೆದದ್ದನ್ನು ಜೌನಿ ಮರೆಯಲಿಲ್ಲ.

ನಮ್ಮ ಮನೆಗಳಿಗೆ ಕೈಯಲ್ಲಿ ತಟ್ಟಿ ಸುಟ್ಟ ನಾಡಹೆಂಚು. ಮಂಗ ಓಡಾಡುತ್ತದೆ, ಗಾಳಿ ಸರಿಸುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು ಗಂಡಸರು ಮೇಲೆ ಹತ್ತಿ ಹೆಂಚು ಕೈಯಾಡಿಸಲೇಬೇಕು. ಅಂಥದೊಂದು ಬೇಸಿಗೆಯಲ್ಲಿ ಬಂಧನ್ ಕಾಲ ಕೆಳಗಿನ ಹುಳುಹಿಡಿದ ಬಿದಿರು ಮುರಿದು ಬಿದ್ದ. ಬದುಕಿದ, ಆದರೆ ಸೊಂಟ ಮತ್ತೆ ನೆಟ್ಟಗಾಗಲಿಲ್ಲ. ಮರುವರ್ಷ ಜೌನಿ ಮನೆಮನೆಗೆ ಹೋಗಿ, ನಮ್ಮ ಹೆಂಚು ಸ್ವಲ್ಪ ಕೈಯಾಡಿಸಿಕೊಡಿ ಎಂದು ಕೇಳಿದಳು. ನಾಳೆ ಎಂದರು. ನಾಳೆ ಬಂದು ಹಂಡಿಯಾ ಕುಡಿದು, ಬಿಸಿಲು ಜಾಸ್ತಿ ಎಂದು ಹೋದರು. ಮನೆಯಳಿಯನ ಮನೆ, ಅದೂ ಊರ ಕೊನೆಯದು. ಯಾರಿಗೆ ಏನು ಅವಸರ? ಅವರು ಬರುವಷ್ಟರಲ್ಲಿ ಮಳೆ ಬಂದಿತ್ತು. ಬಿತ್ತನೆಗೆ ಇಟ್ಟ ಭತ್ತ ಮನೆಯೊಳಗೇ ಮೊಳೆತು ಹಸಿರಾಯಿತು.

ಜೌನಿ ಆ ಮೊಳಕೆಯನ್ನು ಬುಟ್ಟಿಗೆ ತುಂಬಿಕೊಂಡು ಹೋಗಿ ಮಹತೋನ ಅಂಗಳದಲ್ಲಿ ಸುರಿದು ಬಂದಳು. ಮಹತೋ ಎಂದರೆ ಊರ ಯಜಮಾನ. ಹೆಸರು ಲೇದ್ವಾ. ಅವನ ಹೆಂಡತಿ ಕರ್ಮಿ ಕಾಕಿ ಹೊರಗೆ ಬಂದು, "ಇದೇನೇ ಜೌನಿ?" ಎಂದಳು.

"ನಿಮ್ಮೂರ ಗಂಡಸ್ರು ಬೆಳೆದ ಪೈರು, ಕಾಕಿ. ನಮ್ಮನೆ ಅಡುಗೆಕೋಣೇಲಿ ಬೆಳೆದಿದ್ದು" ಎಂದು ಜೌನಿ ತಿರುಗಿ ನೋಡದೆ ಹೊರಟಳು.

ಇದಾದ ಒಂದೆರಡು ವರ್ಷಕ್ಕೆ ಅನಿಮಾ ದೀದಿ ಊರಿಗೆ ಬಂದದ್ದು. ಸಿಮ್ಡೇಗಾ ಕಡೆಯ ಹುಡುಗಿ, ನಮ್ಮದೇ ಭಾಷೆ. ಶಾಲೆಯ ಮುಖ ನೋಡದ, ಅಥವಾ ನೋಡಿಯೂ ಬಿಟ್ಟ ಹೆಂಗಸರಿಗೆ ಅಕ್ಷರ ಮತ್ತು ಒಂದು ಕೈಕಸುಬು ಕಲಿಸುವ ಸಂಸ್ಥೆಯವಳು. ಮಹತೋ ಸಂತೋಷದಿಂದ ಒಪ್ಪಿಕೊಂಡ. ಹೊಲಿಗೆ ಯಂತ್ರ ಬರುತ್ತದೆ, ಸೊಸೆಗೆ ರವಿಕೆ ಹೊಲಿಯಲು ಬಂದರೆ ಒಳ್ಳೆಯದೇ ಎಂದು ಅವನ ಲೆಕ್ಕ. ಹಲಸಿನ ಮರದ ಕೆಳಗೆ ಮೊದಲ ಸಭೆ. ದೀದಿ ಕೇಳಿದಳು: ಹೊಲಿಗೆ ಬೇಕೋ, ಮೇಣದಬತ್ತಿ ಬೇಕೋ, ಉಪ್ಪಿನಕಾಯಿ ಬೇಕೋ?

"ಉಪ್ಪಿನಕಾಯಿ ಹಾಕೋಕೆ ಇಲ್ಲಿ ಯಾರಿಗೆ ಬರಲ್ಲ, ದೀದಿ? ಅದನ್ನ ಕಲಿಸೋಕೆ ಅಷ್ಟು ದೂರದಿಂದ ಬಂದ್ರಾ?" ಎಂದಳು ಜೌನಿ. "ಗೋಡೆ ಕಟ್ಟೋದು ಕಲಿಸಿ. ಸೂರು ಹೊದಿಸೋದು ಕಲಿಸಿ."

ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ದೀದಿ ನಗಲಿಲ್ಲ. ಮುಂದಿನ ತಿಂಗಳು ಲೋಹರ್‌ದಗಾದಿಂದ ಹಸೀಬ್ ಮಿಯಾ ಎಂಬ ಮುದುಕ ಮೇಸ್ತ್ರಿಯನ್ನು ಕರೆದುಕೊಂಡು ಬಂದಳು. ನಕ್ಕವರೆಲ್ಲ ಮೊದಲ ದಿನವೇ ಬಂದು ಕೂತರು.

ತರಗತಿಗೆ ಸಿಕ್ಕ ಜಾಗ ಹಳೆಯ ಧೂಮ್‌ಕುಡಿಯಾದ ಹಾಳು ಪಾಯ. ಅಜ್ಜಂದಿರ ಕಾಲದಲ್ಲಿ ಊರ ಹುಡುಗ ಹುಡುಗಿಯರು ಸಂಜೆ ಅಲ್ಲಿ ಸೇರಿ ಹಾಡು, ಕುಣಿತ, ಚಾಪೆ ಹೆಣೆಯುವುದು, ಬಲೆ ನೇಯುವುದು, ದೊಡ್ಡವರ ಮುಂದೆ ಹೇಗಿರಬೇಕು ಎಂಬುದನ್ನೆಲ್ಲ ದೊಡ್ಡ ಹುಡುಗರಿಂದ ಕಲಿಯುತ್ತಿದ್ದರು. ಗಂಟೆಯಿಲ್ಲ, ಬೆತ್ತವಿಲ್ಲ. ಸರ್ಕಾರಿ ಶಾಲೆ ಬಂದ ಮೇಲೆ ಅದು ಕುಸಿಯಿತು. ಈಗ ಅಲ್ಲಿ ಮಧ್ಯಾಹ್ನದ ಮೇಲೆ ಹೆಂಗಸರು ಗಾರೆ ಕಲೆಸಿ, ಗೋಡೆ ಕಟ್ಟಿ, ಒಣಗುವ ಮೊದಲು ಹಸಿ ಗಿಲಾವಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಸಂಜೆಗೆ ಕೆಡವಿ, ಇಟ್ಟಿಗೆ ತೊಳೆದಿಟ್ಟು ಮನೆಗೆ ಹೋಗುತ್ತಿದ್ದರು. ಜೌನಿ ತನ್ನ ಹೆಸರು ಕಲಿತದ್ದು ಹಾಗೆ. ಕಲಿತ ದಿನ ಅವಳು ಗೋಡೆ ಕೆಡವಲು ಬಿಡದೆ ಕತ್ತಲಾಗುವ ತನಕ ಕಾದು ಕೂತಳು.

ಸೂರಿನ ವಿಷಯಕ್ಕೆ ಬಂದಾಗ ಹಸೀಬ್ ಮಿಯಾಗೆ ಊರ ಕಟ್ಟಳೆ ಹೇಳಿದರು. ಅವನು ಗಡ್ಡ ತುರಿಸಿಕೊಂಡು, "ಹತ್ತಬಾರ್ದು ತಾನೆ? ಹಾಗಾದ್ರೆ ಸೂರನ್ನೇ ಕೆಳಗೆ ತರೋಣ ಬಿಡಿ" ಎಂದ. ಬಯಲಿನಲ್ಲಿ ಗೋಡೆಯಿಲ್ಲದೆ, ಬರೀ ಮೊಣಕಾಲೆತ್ತರದ ಗೂಟಗಳ ಮೇಲೆ ಒಂದು ಸೂರು ಕಟ್ಟಿಸಿದ. ತೊಲೆ, ಬಿದಿರಿನ ರೀಪು, ಹೆಂಚು, ನೆತ್ತಿಯ ಸಾಲು, ಎಲ್ಲ ಉಂಟು. ಹೆಂಗಸರು ಅದರ ಸುತ್ತ ನೆಲದ ಮೇಲೆ ನಿಂತು ಹೆಂಚು ಹೊದಿಸಿದರು, ತೆಗೆದರು, ಮತ್ತೆ ಹೊದಿಸಿದರು. ದಾರಿಹೋಕ ಗಂಡಸರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. "ಯಾರ್ ಮಲಗ್ತಾರೆ ಇದರೊಳಗೆ, ಕೋಳಿನಾ?" ಎನ್ನುತ್ತಿದ್ದರು. ಕಟ್ಟಳೆ ಮುರಿಯಿತು ಎನ್ನುವಂತೆಯೂ ಇಲ್ಲ, ಸುಮ್ಮನಿರುವಂತೆಯೂ ಇಲ್ಲ.

ಆಮೇಲೆ ಪಾಯಿಖಾನೆಗಳ ಕಾಲ ಬಂತು. ಸರ್ಕಾರ ಮನೆಗೊಂದು ಕಟ್ಟಿಸಿ ಎಂದಿತು, ಊರ ಮೇಸ್ತ್ರಿಗಳು ಅದು ತಮ್ಮ ಘನತೆಗೆ ಕಡಿಮೆ ಎಂದರು. ಜೌನಿಯ ಗುಂಪು ಇಡೀ ಊರಿಗೆ ಕಟ್ಟಿಕೊಟ್ಟಿತು. ಅವುಗಳ ತಗಡು ಹೊದಿಸಲು ಜೌನಿ ಗೋಡೆಯ ಮೇಲೆ ಕಾಲಿಟ್ಟು ನಿಂತದ್ದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಯಾರೂ ಉಸಿರೆತ್ತಲಿಲ್ಲ. "ಅದರ ಮೇಲೆ ಹತ್ತಿದ್ರೆ ಯಾವ ದೇವ್ರು ಮೂಸಿ ನೋಡ್ತಾನೆ?" ಎಂದು ಬಂಧನ್ ಹೇಳಿ ಎಲ್ಲರನ್ನೂ ನಗಿಸಿದ.

ಪಾಯಿಖಾನೆಯ ಕೆಲಸ ನೋಡಿ ಸಂಸ್ಥೆಯವರು, ಧೂಮ್‌ಕುಡಿಯಾದ ಪಾಯದ ಮೇಲೆ ನೀವೇ ಒಂದು ಮನೆ ಕಟ್ಟಿಕೊಳ್ಳಿ, ಸಾಮಾನು ನಾವು ಕೊಡುತ್ತೇವೆ, ತರಗತಿ ಕಾಯಂ ಆಗಿ ಇಲ್ಲೇ ಇರಲಿ ಎಂದರು. ಒಂದೇ ಷರತ್ತು, ಮಳೆಗೆ ಮೊದಲು ಸೂರು ಆಗಬೇಕು. ಇಲ್ಲದಿದ್ದರೆ ಹತಾರ, ಸಿಮೆಂಟು, ಹಸೀಬ್ ಮಿಯಾ, ಎಲ್ಲ ಬ್ಲಾಕ್ ಕಚೇರಿಯ ಪೇಟೆಗೆ ಹೋಗುತ್ತದೆ. ಪೇಟೆಗೆ ಬಸ್ಸಿಲ್ಲ. ಕೂಸು, ದನ, ಗದ್ದೆ ಬಿಟ್ಟು ಯಾವ ಹೆಂಗಸು ದಿನಾ ಅಲ್ಲಿಗೆ ನಡೆದಾಳು? ತರಗತಿ ಪೇಟೆಗೆ ಹೋದರೆ ಮುಗಿದ ಹಾಗೆಯೇ. ಜೌನಿ ಮತ್ತೆ ರೇಜಾ ಆಗುತ್ತಾಳೆ.

ಇಟ್ಟಿಗೆ ಗೋಡೆ ಮಣ್ಣಿನ ಗಾರೆಯಲ್ಲಿ ಎದ್ದಿತು. ಒಂದು ಗಂಡುಕೈಯೂ ಅದನ್ನು ಮುಟ್ಟಿರಲಿಲ್ಲ. ಸೂರಿನ ತೊಲೆ, ರೀಪು ಏಣಿಯ ಮೇಲೆ ನಿಂತೇ ಕೂರಿಸಿದರು, ಆದರೆ ಹೆಂಚು ಹೊದಿಸಲು ಮೇಲೆ ಹತ್ತಲೇಬೇಕು, ಅದು ಹಸೀಬ್ ಮಿಯಾನ ವಯಸ್ಸಿಗೆ ಆಗದ ಕೆಲಸ. ಜೌನಿ ಮಹತೋನ ಬಳಿಗೆ ಹೋಗಿ, ಗಂಡಸರನ್ನು ಕಳಿಸಿ, ಕೂಲಿ ಕೊಡುತ್ತೇವೆ ಎಂದಳು. ಅವಳಿಗೆ ಜಗಳ ಬೇಕಿರಲಿಲ್ಲ. ಜಗಳ ಬಂದರೆ ಬಿಡುವವಳೂ ಅಲ್ಲ.

ಮಹತೋ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. "ಕಳಿಸೋಣ. ಅದಕ್ಕೇನಂತೆ" ಎಂದ. "ಆದ್ರೆ ಒಂದ್ ಮಾತು. ಮೇಸ್ತ್ರಿಗಳು ಬೇಜಾರಾಗಿದ್ದಾರೆ. ಹೆಂಗಸ್ರು ನಮ್ಮ ಕೆಲಸ ಕಿತ್ಕೊಂಡ್ರು ಅಂತಾರೆ. ನೀವು ಕರಣೆಗಳನ್ನ ತಂದು ಅಖ್‌ಡಾದಲ್ಲಿ ಇಟ್ಬಿಡಿ. ಇನ್ಮೇಲೆ ಅಕ್ಷರ ಕಲೀರಿ, ಹೊಲಿಗೆ ಕಲೀರಿ. ಗೋಡೆ ಸಹವಾಸ ಬೇಡ. ನಾಳೆನೇ ಸೂರು ಹಾಕಿಸ್ತೀನಿ."

"ಅಂದ್ರೆ ಮನೆ ಕೊಡ್ತೀರ, ಕಸುಬು ಕಿತ್ಕೊಳ್ತೀರ."

"ನೀನು ನನ್ನ ಮಗಳ ಸಮಾನ, ಜೌನಿ. ಮಾತನ್ನ ಹಾಗೆ ತಿರುಚ್ಬೇಡ."

"ಮಗಳ ಸಮಾನ ಅಂತಾನೇ ಕೇಳ್ತಿದ್ದೀನಿ, ಕಾಕಾ. ನಿಮ್ಮ ಮೇಸ್ತ್ರಿಗಳ ಕರಣೆ ಕಿತ್ಕೊಂಡು ಅಖ್‌ಡಾದಲ್ಲಿ ಇಡೋಕೆ ಹೇಳಿದ್ರೆ ಇಡ್ತಾರಾ?"

ಮಹತೋ ಮತ್ತೆ ಹಗ್ಗ ಹೊಸೆಯತೊಡಗಿದ. ಬಾಗಿಲಲ್ಲಿ ನಿಂತಿದ್ದ ಕರ್ಮಿ ಕಾಕಿ ಒಳಗೆ ಹೋದಳು.

ತರಗತಿಯ ಹೆಂಗಸರು ಸೇರಿ ಯೋಚಿಸಿದರು. ಫೂಲೋ ಎಂಬುವಳು ಒಂದು ದಾರಿ ಹೇಳಿದಳು: "ಊರೆಲ್ಲ ಮಲಗಿದ ಮೇಲೆ ಹೊದಿಸಿಬಿಡೋಣ. ಪಕ್ಕದೂರಿನ ಗಂಡಸ್ರು ಬಂದು ಮಾಡಿಹೋದ್ರು ಅಂದ್ರಾಯ್ತು."

ಜೌನಿಗೆ ಸಿಟ್ಟು ನೆತ್ತಿಗೇರಿತು. "ಕಲಿತಿರೋ ಕೆಲಸನ ಕಳ್ಳರ ಹಾಗೆ ಮಾಡ್ಬೇಕಾ? ಆಮೇಲೆ ಆ ಹೆಸರನ್ನೂ ಇನ್ಯಾರೋ ಗಂಡಸಿಗೇ ಕೊಡ್ಬೇಕಾ? ನಾನು ಹಗಲು ಹತ್ತುತ್ತೀನಿ. ನೀವು ಯಾರೂ ಬರ್ಬೇಡಿ. ದಂಡ ಬಿದ್ರೆ ನನ್ನೊಬ್ಬಳ ಮೇಲೇ ಬೀಳ್ಲಿ."

ಮರುದಿನ ಬೆಳಿಗ್ಗೆ, ಗಂಡಸರು ಎತ್ತು ಹೊಡೆದುಕೊಂಡು ಹೊರಡುವ ಹೊತ್ತಿಗೇ, ಅವಳು ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಏಣಿ ಹತ್ತಿದಳು. ದಾರಿಯಲ್ಲಿ ಎತ್ತುಗಳು ನಿಂತವು, ಜನ ನಿಂತರು. ಯಾರೋ "ಇಳಿಯೇ" ಎಂದು ಕೂಗಿದರು. ಇಷ್ಟು ದಿನ ಮೊಣಕಾಲೆತ್ತರದ ಸೂರು, ಪಾಯಿಖಾನೆಯ ತಗಡು ಹೊದಿಸಿದವಳು, ಅಷ್ಟು ಎತ್ತರದಿಂದ ಊರನ್ನು ನೋಡಿದ್ದು ಅದೇ ಮೊದಲು. ಎಲ್ಲರ ಮನೆಯ ನೆತ್ತಿಯೂ ಕಾಣುತ್ತಿತ್ತು, ಎಲ್ಲರ ಹೆಂಚೂ ಸರಿದಿತ್ತು. ಕೆಳಗೆ ಹೆಂಚು ಎತ್ತಿಕೊಡುವವರು ಯಾರೂ ಇರಲಿಲ್ಲ. ಬುಟ್ಟಿ ತುಂಬಿ, ತಾನೇ ಹೊತ್ತು, ತಾನೇ ಹತ್ತಿ, ತಾನೇ ಹೊದಿಸಿ, ಮತ್ತೆ ಇಳಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಂಧನ್ ಸೊಂಟ ಹಿಡಿದುಕೊಂಡು ಬಂದ. ಬುಟ್ಟಿಗೆ ಹೆಂಚು ತುಂಬತೊಡಗಿದ. ಫೂಲೋ ದೂರದಿಂದಲೇ ನೋಡುತ್ತಿದ್ದಳು. ಆಮೇಲೆ ಅವಳೂ ಬಂದಳು. ಏಣಿ ಮುಟ್ಟದೆ ಬುಟ್ಟಿ ಮಾತ್ರ ಎತ್ತಿಕೊಟ್ಟಳು. ಸೂರು ಪೂರ್ತಿಯಾಗಲು ಮೂರು ದಿನ ಹಿಡಿಯಿತು. ಮೂರು ದಿನವೂ ಊರು ನಿಂತು ನೋಡಿತು.

ನಾಲ್ಕನೆಯ ದಿನ ಅಖ್‌ಡಾದಲ್ಲಿ ಪಂಚಾಯ್ತಿ. ಊರ ಪೂಜಾರಿ ಪಾಹನ್ ತೀರ್ಪು ಹೇಳಿದ. ಜೌನಿ ಒಂದು ಬಿಳಿ ಹೋತ ಮತ್ತು ಊರಿಗೆಲ್ಲ ಹಂಡಿಯಾ ಕೊಟ್ಟು ತಪ್ಪೊಪ್ಪಿಕೊಳ್ಳಬೇಕು, ಆಗ ಶುದ್ಧಿ. ಅಲ್ಲಿಯತನಕ ಅವಳ ಮನೆಯ ಬೆಂಕಿ, ನೀರು ಯಾರೂ ಮುಟ್ಟಬಾರದು. ದೋಷ ಇರುವಾಗ ಊರಿನ ಯಾವ ಸೂರನ್ನೂ ಯಾರೂ ಕೈಯಾಡಿಸಬಾರದು. ಅವಳು ಹೊದಿಸಿದ ಹೆಂಚನ್ನಂತೂ ಯಾವ ಗಂಡಸೂ ಮುಟ್ಟಲೇಬಾರದು. ಹೆಂಗಸು ಯಾರೂ ಇನ್ನೊಮ್ಮೆ ಹತ್ತಬಾರದು.

"ಹೋತ ಇದೆ. ಕೊಡಲ್ಲ" ಎಂದಳು ಜೌನಿ. "ಕೊಟ್ರೆ ತಪ್ಪು ಮಾಡ್ದೆ ಅಂತ ಒಪ್ಕೊಂಡ ಹಾಗೆ. ನಾನು ಮಾಡಿದ್ದು ಕೆಲಸ, ತಪ್ಪಲ್ಲ."

"ಹಾಗಾದ್ರೆ ಆ ಹೆಂಚನ್ನೆಲ್ಲ ಇಳಿಸು" ಎಂದ ಮಹತೋ.

"ಇಳಿಸೋಕೆ ಹತ್ತಬೇಕಲ್ಲ, ಕಾಕಾ. ಹೆಂಗಸು ಹತ್ತಬಾರ್ದು ಅಂತ ಪಾಹನ್ ಬಾಬಾ ಈಗ ತಾನೆ ಹೇಳಿದ್ರು. ನೀವೇ ಹತ್ತಿ ಇಳಿಸಿ. ಓ, ನೀವೂ ಮುಟ್ಟಬಾರ್ದು."

ಸಾಲಿನ ಕೊನೆಯಲ್ಲಿ ಯಾರೋ ಕೆಮ್ಮಿದಂತೆ ನಕ್ಕರು. ಪಾಹನ್ ಬಾಯಿಂದ ಬಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಹೀಗಾಗಿ ಆ ಸೂರು ಅಲ್ಲೇ ಉಳಿಯಿತು. ಅನಿಮಾ ದೀದಿ ಬಂದು ನೋಡಿ, ಸಿಮೆಂಟಿನ ಚೀಲಗಳನ್ನು ಒಳಗಿಡಿಸಿದಳು.

ಆದರೆ ಅಲ್ಲಿಂದ ಮುಂದಿನದು ಸುಲಭವಾಗಿರಲಿಲ್ಲ. ಮಳೆ ಬರಲಿಲ್ಲ. ರೋಹಿಣಿ ಕಳೆಯಿತು, ಮೃಗಶಿರೆಯೂ ಅರ್ಧ ಕಳೆಯಿತು, ಆಕಾಶ ಬಿಳಿಯಾಗಿಯೇ ಇತ್ತು. ಸಸಿಮಡಿಗೆ ಬೀಜ ಹಾಕುವ ಹದವೇ ಬರಲಿಲ್ಲ. ಜೌನಿ ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ತರಗತಿಗೆ ಬರುವವರಲ್ಲಿ ಫೂಲೋ ಒಬ್ಬಳೇ ಉಳಿದಳು. ನೆರೆಯ ಮುದುಕಿಯರು ಬಂದು ಕೈಮುಗಿದು, "ಒಂದು ಹೋತ ತಾನೇ, ಕೊಟ್ಬಿಡೇ ತಾಯಿ. ನಿನ್ನಿಂದ ನಮ್ಮ ಹೆಂಚಿಗೆ ಕೈ ಹಾಕೋ ಹಾಗಿಲ್ಲ" ಎನ್ನುತ್ತಿದ್ದರು. ಬೈಗುಳವನ್ನು ತಡೆದುಕೊಂಡಿದ್ದವಳಿಗೆ ಈ ಕೈಮುಗಿಯುವುದನ್ನು ತಡೆದುಕೊಳ್ಳಲಾಗಲಿಲ್ಲ. ಒಂದು ಸಂಜೆ ಒಲೆಯ ಮುಂದೆ ಕೂತು ಅತ್ತಳು.

ಬಂಧನ್ ಮಾಂದರ್ ಪಕ್ಕಕ್ಕಿಟ್ಟು ಹತ್ತಿರ ಬಂದು ಕೂತ. ಅಖ್‌ಡಾಕ್ಕೆ ಅವನನ್ನೂ ಕರೆಯುತ್ತಿರಲಿಲ್ಲ. "ಹೋತ ಬಿಚ್ಚಿಕೊಂಡು ಹೋಗ್ಲಾ?" ಎಂದು ಕೇಳಿದ.

"ನಿನಗೂ ನಾನು ತಪ್ಪು ಮಾಡ್ದೆ ಅನ್ಸುತ್ತಾ?"

"ಇಲ್ಲ. ನೀನು ಅಳೋದು ನೋಡೋಕಾಗಲ್ಲ, ಅಷ್ಟೆ."

"ಹಾಗಾದ್ರೆ ಆ ಕಡೆ ತಿರುಗಿ ಕೂತ್ಕೊ. ಅತ್ತು ಮುಗಿಸ್ತೀನಿ. ಹೋತ ಬಿಚ್ಬೇಡ."

ಮಳೆ ಬಂದದ್ದು ಆರ್ದ್ರೆಯಲ್ಲಿ, ಒಂದು ಮಧ್ಯಾಹ್ನ, ಯಾರ ಅಪ್ಪಣೆಯನ್ನೂ ಕೇಳದೆ. ಹನಿಯೆಂದು ಶುರುವಾಗಲಿಲ್ಲ, ಒಮ್ಮೆಗೇ ಸುರಿಯಿತು. ಜೌನಿ ಓಡಿದ್ದು ಮನೆಗಲ್ಲ, ತರಗತಿಯ ಮನೆಗೆ. ಒಳಗೆ ನಿಂತು ತಲೆಯೆತ್ತಿ ಒಂದೊಂದು ಸಾಲನ್ನೂ ನೋಡಿದಳು. ಒಂದು ಮೂಲೆಯಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು. ಉಳಿದಂತೆ ಸಿಮೆಂಟಿನ ಚೀಲದ ಮೇಲಿನ ಧೂಳು ಕೂಡ ನೆನೆದಿರಲಿಲ್ಲ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಆ ತೊಟ್ಟಿಕ್ಕುವ ಮೂಲೆಗೆ ಬೈಯುತ್ತಲೇ ನಕ್ಕಳು.

ಊರಿನಲ್ಲಿ ಬೇರೆಯೇ ಕಥೆ. ಹೆಂಚು ಕೈಯಾಡಿಸದ ಮನೆಗಳೆಲ್ಲ ಜರಡಿಯಂತೆ ಸೋರಿದವು. ಕೈಯಾಡಿಸೋಣವೆಂದರೆ ಪಾಹನ್ ಆಣೆ ಇನ್ನೂ ಕೂತಿತ್ತು. ಜೌನಿ ದಂಡ ಕೊಟ್ಟಿರಲಿಲ್ಲ. ಮಳೆ ಬಾರದಿದ್ದರೆ ಅವಳ ತಪ್ಪು ಎಂದವರಿಗೆ, ಬಂದ ಮಳೆ ಯಾರ ತಪ್ಪು ಎಂದು ಹೇಳಲು ಗೊತ್ತಾಗಲಿಲ್ಲ. ಕೂಸುಗಳನ್ನು ಎತ್ತಿಕೊಂಡು ಹೆಂಗಸರು ಒಬ್ಬೊಬ್ಬರಾಗಿ ತರಗತಿಯ ಮನೆಗೆ ಬಂದು ಕೂತರು. ಜೌನಿ ಯಾರನ್ನೂ ಏನೂ ಕೇಳಲಿಲ್ಲ. ಮೂಲೆಯಲ್ಲಿ ಬೆಂಕಿ ಹಾಕಿದಳು. ಆ ಬೆಂಕಿಗೆ ಎಲ್ಲರೂ ಕೈ ಚಾಚಿದರು.

ಎರಡನೆಯ ದಿನವೂ ಮಳೆ ನಿಲ್ಲಲಿಲ್ಲ. ಎಲೆಯ ಗೊರಬು ಹೊದ್ದುಕೊಂಡು ಕರ್ಮಿ ಕಾಕಿ ಬಂದು ಬಾಗಿಲಲ್ಲೇ ನಿಂತಳು.

"ಬಿತ್ತನೆ ಭತ್ತದ ಮೇಲೇ ಬೀಳ್ತಿದೆ, ಜೌನಿ" ಎಂದಳು ಕಾಕಿ. "ಇವರು ಆಣೆ ಆಣೆ ಅಂತ ಪಾತ್ರೆ ಹಿಡ್ಕೊಂಡು ಕೂತಿದ್ದಾರೆ. ಕತ್ತಲಾದ ಮೇಲೆ ಬಾ. ಯಾರಿಗೂ ಗೊತ್ತಾಗಲ್ಲ. ಒಂದ್ಸಲ ಹತ್ತಿ ಸರಿಮಾಡಿ ಹೋಗು."

"ಹಗಲು ಹತ್ತಿ ದಂಡ ಹಾಕಿಸ್ಕೊಂಡವಳು ನಾನು, ಕಾಕಿ. ಈಗ ಕದ್ದು ಹತ್ತಲಾ?"

"ಹಗಲೇ ಬಾ ಹಾಗಾದ್ರೆ. ನಾನು ಹೇಳ್ತೀನಿ ಇವರಿಗೆ."

ಜೌನಿ ಎದ್ದು ಗೋಡೆಗೆ ಒರಗಿಸಿದ್ದ ಏಣಿಯನ್ನು ಎತ್ತಿಕೊಂಡಳು. "ಬರ್ತೀನಿ. ಆದ್ರೆ ಹತ್ತೋದು ನಾನಲ್ಲ."

"ಮತ್ಯಾರು?"

"ನಿಮ್ಮನೆ ಸೂರು ತಾನೇ? ನೀವೇ ಹತ್ತಿ. ಏನ್ ಮಾಡ್ಬೇಕು ಅಂತ ನಾನು ಕೆಳಗಿಂದ ಹೇಳಿಕೊಡ್ತೀನಿ. ಇದು ಶಾಲೆ, ಕಾಕಿ. ಕಲಿಸೋದಷ್ಟೇ ನಮ್ಮ ಕೆಲಸ."

ಕರ್ಮಿ ಕಾಕಿ ಏಣಿಯನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಅವಳಿಗೆ ಮೊಮ್ಮಕ್ಕಳಿದ್ದರು. ಆಯುಷ್ಯವೆಲ್ಲ ಆ ಸೂರಿನ ಕೆಳಗೇ ಕಳೆದವಳು. ಆಮೇಲೆ ಗೊರಬನ್ನು ಫೂಲೋಳ ಕೈಗೆ ಕೊಟ್ಟು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

ಮಹತೋನ ಅಂಗಳದಲ್ಲಿ ಏಣಿ ಇಟ್ಟರು. ಹಿಂದೆ ಮಳೆಯಲ್ಲಿ ನೆನೆಯುತ್ತ ತರಗತಿಯ ಹೆಂಗಸರೆಲ್ಲ ನಿಂತಿದ್ದರು. ಕಾಕಿ ಒಂದೊಂದೇ ಮೆಟ್ಟಿಲು ಹತ್ತಿದಳು. ಮೊದಮೊದಲು ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. "ಬಿದಿರಿನ ಮೇಲೆ ಕಾಲಿಡಿ, ಹೆಂಚಿನ ಮೇಲೆ ಬೇಡ. ಒಡೆದಿದ್ದನ್ನ ತೆಗೀರಿ. ಮೇಲಿನ ಸಾಲಿಂದ ಕೆಳಗಿನ ಸಾಲಿಗೆ ಒಂದನ್ನ ಎಳೀರಿ, ಹಾ, ಹಾಗೆ" ಎಂದು ಜೌನಿ ಕೂಗಿ ಹೇಳುತ್ತಿದ್ದಳು. ಹೆಂಚು ಸರಿದ ಸದ್ದಿಗೆ ಮಹತೋ ಪಾತ್ರೆ ಹಿಡಿದುಕೊಂಡೇ ಹೊರಗೆ ಬಂದ. ಮೇಲೆ ನೋಡಿದ.

"ಇಳಿ" ಎಂದ. "ಲೇ, ಇಳಿಯೇ ಕೆಳಗೆ."

ಕರ್ಮಿ ಕಾಕಿ ತಿರುಗಿ ನೋಡಲಿಲ್ಲ. ಇನ್ನೊಂದು ಹೆಂಚಿಗೆ ಕೈ ಹಾಕಿ, "ಇಳೀತೀನಿ" ಎಂದಳು. "ಸೋರೋದು ನಿಂತ ಮೇಲೆ."

ಜೌನಿ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.